ಯಾವುದರಲ್ಲಿ ನೋಡಿದ್ರಿ? ಮನೇಲಿ ನೋಡಿದ ಸಿನಿಮಾ ಬಗ್ಗೆ ಅಭಿಪ್ರಾಯ ಹೇಳೋ ಮುಂಚೆ

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ವಾರಗಳ ಹಿಂದೆ ಇಲ್ಲೇ ಒಂದು ಸಣ್ಣ ಕನ್ನಡ ಸಿನಿಮಾ ಬಗ್ಗೆ ಮಾತಾಡಿದ್ದೆ. ಹೆಸರು ಈಗ ಬೇಡ. "ಸೆಕೆಂಡ್ ಹಾಫ್ ತುಂಬಾ ಎಳೆದಿದ್ದಾರೆ. ಒಂದು ಸೀನಲ್ಲಂತೂ ಹೀರೋ ಬಾಗಿಲ ಹತ್ರ ಸುಮ್ನೆ ನಿಂತೇ ಇರ್ತಾನೆ. ನೋಡ್ಲೇಬೇಕು ಅಂತೇನಿಲ್ಲ, ಸ್ಕಿಪ್ ಮಾಡಿ" ಅಂದಿದ್ದೆ. ನನಗೆ ಅದು ಎರಡು ನಿಮಿಷದ ಮಾತು, ಅಷ್ಟೇ. ಸಂಚಿಕೆ ಬಂದ ಮಾರನೇ ದಿನ ಒಬ್ಬ ಹುಡುಗನ ಮೆಸೇಜ್ ಬಂತು. ಆ ಸಿನಿಮಾದ ಸೌಂಡ್ ವಿಭಾಗದಲ್ಲಿ ಅಸಿಸ್ಟೆಂಟ್ ಆಗಿದ್ದನಂತೆ. ಬೈದಿರಲಿಲ್ಲ. ಒಂದೇ ಪ್ರಶ್ನೆ ಕೇಳಿದ್ದ: "ಅಕ್ಕ, ಸಿನಿಮಾ ಯಾವುದರಲ್ಲಿ ನೋಡಿದ್ರಿ?"

ಉತ್ತರ ಟೈಪ್ ಮಾಡೋಕೆ ಹೋಗಿ ಕೈ ನಿಂತುಹೋಯ್ತು. ಯಾಕಂದ್ರೆ ನಾನದನ್ನ ಮೆಟ್ರೋದಲ್ಲಿ ಫೋನಲ್ಲಿ ನೋಡಿದ್ದೆ. ಮೂರು ದಿನ, ಮೂರು ಕಂತು. ಒಂದು ಕಿವಿಗೆ ಮಾತ್ರ ಇಯರ್‌ಬಡ್, ಯಾಕಂದ್ರೆ ಇನ್ನೊಂದು ಕಿವಿ ಸ್ಟೇಷನ್ ಹೆಸರು ಕೇಳಬೇಕಿತ್ತು. ಕೊನೇ ಅರ್ಧ ಗಂಟೆ ಒಂದೂವರೆ ಪಟ್ಟು ವೇಗದಲ್ಲಿ.

ಆ ವಾರಾಂತ್ಯ ತುಮಕೂರಿಗೆ ಹೋದಾಗ ಅದೇ ಸಿನಿಮಾನ ಟಿವಿಯಲ್ಲಿ ಅಮ್ಮನ ಜೊತೆ ಕೂತು ಮತ್ತೆ ನೋಡಿದೆ. ಬಾಗಿಲ ಸೀನ್ ಬಂತು. ಹೀರೋ ನಿಂತಿದಾನೆ. ನಾನು ಮನಸ್ಸಲ್ಲೇ "ನೋಡು, ಸುಮ್ನೆ ನಿಂತಿದಾನೆ" ಅಂದ್ಕೊಂಡೆ. ಅಮ್ಮ ಸೆರಗು ಬಾಯಿಗಿಟ್ಕೊಂಡು, "ಅಯ್ಯೋ, ಕೆಮ್ಮು ನಿಂತೋಯ್ತಲ್ಲೇ" ಅಂದ್ರು.

ಅಷ್ಟೊತ್ತೂ ಒಳಗಿನ ಕೋಣೆಯಿಂದ ಅವರಪ್ಪನ ಕೆಮ್ಮು ಸಣ್ಣಗೆ ಕೇಳ್ತಾ ಇತ್ತು. ಅದು ನಿಂತುಹೋಗಿದೆ. ಒಳಗೆ ಕಾಲಿಡೋಕೆ ಆ ಹುಡುಗನಿಗೆ ಧೈರ್ಯ ಬರ್ತಾ ಇಲ್ಲ. ಸೀನ್ ಇರೋದೇ ಅದಕ್ಕೆ. ಆ ಕೆಮ್ಮು ನನ್ನ ಒಂದು ಕಿವಿಗೆ, ಮೆಟ್ರೋ ಸದ್ದಿನ ನಡುವೆ, ಬಿದ್ದೇ ಇರಲಿಲ್ಲ. ಸಿನಿಮಾ ಪೂರ್ತಿ ಕೇಳಿಸಿಕೊಳ್ಳದೆ "ಸ್ಕಿಪ್ ಮಾಡಿ" ಅಂತ ನಿಮಗೆಲ್ಲ ಹೇಳಿಬಿಟ್ಟಿದ್ದೆ.

ಹಾಗಾಗಿ ಇವತ್ತಿನ ವಿಷಯ ಇದೇ. ಈಗ ನಾವು ಹೆಚ್ಚಿನ ಸಿನಿಮಾ ನೋಡೋದು ಮನೇಲಿ. ನೋಡಿದ ತಕ್ಷಣ ಸ್ಟೇಟಸ್ ಹಾಕ್ತೀವಿ, ಗ್ರೂಪಲ್ಲಿ ಹೇಳ್ತೀವಿ. ಆ ಅಭಿಪ್ರಾಯದಲ್ಲಿ ಸಿನಿಮಾದ ಪಾಲೆಷ್ಟು, ನಾವು ನೋಡಿದ ರೀತಿಯ ಪಾಲೆಷ್ಟು? ನಮ್ಮ ಒಂದು ಮಾತಿನಿಂದ ಸಣ್ಣ ಸಿನಿಮಾಕ್ಕೆ ಏನಾಗುತ್ತೆ?

ಮನೆಗೆ ಬಂದಾಗ ಸಿನಿಮಾದಲ್ಲಿ ಏನೇನು ಬದಲಾಗುತ್ತೆ

ಮೊದಲನೇದು ಶಬ್ದ. ಥಿಯೇಟರ್‌ನಲ್ಲಿ ಮುಂದೆ, ಪಕ್ಕ, ಹಿಂದೆ ಎಲ್ಲ ಕಡೆ ಸ್ಪೀಕರ್ ಇರುತ್ತೆ. ಪಿಸುಮಾತಿಗೂ ಗುಡುಗಿಗೂ ದೊಡ್ಡ ಅಂತರ ಇಟ್ಟು ಮಿಕ್ಸಿಂಗ್ ಮಾಡಿರ್ತಾರೆ. ಫೋನಿನ ಪುಟ್ಟ ಸ್ಪೀಕರ್‌ಗೆ ಆ ಅಂತರ ತೋರಿಸೋ ಶಕ್ತಿ ಇಲ್ಲ. ಸಣ್ಣ ಸದ್ದು ಮಿಕ್ಸಿಯ ಗಲಾಟೆಯಲ್ಲಿ ಹೋಗುತ್ತೆ, ಆಳವಾದ ಸದ್ದು ಹೊರಗೇ ಬರಲ್ಲ. ಡೈಲಾಗ್ ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸ್ತೀವಿ, ಫೈಟ್ ಬಂದ ತಕ್ಷಣ "ಮಗು ಮಲಗಿದೆ" ಅಂತ ಇಳಿಸ್ತೀವಿ.

ಎರಡನೇದು ಚಿತ್ರ. ಡೇಟಾ ಉಳಿಸೋ ಸೆಟ್ಟಿಂಗ್ ಹಾಕಿದ್ರೆ ಗುಣಮಟ್ಟ ಇಳಿಯುತ್ತೆ. ಅದರ ಪೆಟ್ಟು ಮೊದಲು ಬೀಳೋದು ರಾತ್ರಿ ಸೀನ್‌ಗಳಿಗೆ. ಕತ್ತಲಲ್ಲಿರೋ ಮುಖ ಕಪ್ಪು ಮುದ್ದೆ ಥರ ಕಾಣುತ್ತೆ. ಆಗ ನಾವು "ಕ್ಯಾಮೆರಾ ವರ್ಕ್ ಡಲ್" ಅಂತೀವಿ.

ಮೂರನೇದು ಸಮಯ. ನನ್ನ ತಪ್ಪು ಹೆಚ್ಚಾಗಿದ್ದಿದ್ದು ಇಲ್ಲೇ. ಕೆಲವು ಆ್ಯಪ್‌ಗಳಲ್ಲಿ ವೇಗ ಹೆಚ್ಚಿಸೋ ಆಯ್ಕೆ ಇದೆ. ಎರಡು ಗಂಟೆಯ ಸಿನಿಮಾನ ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ರೆ 80 ನಿಮಿಷಕ್ಕೆ ಮುಗಿಯುತ್ತೆ. 40 ನಿಮಿಷ ಉಳಿತು, ಸರಿ. ಆದ್ರೆ ಎಡಿಟರ್ ಆರು ಸೆಕೆಂಡ್ ಮೌನ ಇಟ್ಟಿದ್ದ ಕಡೆ ನಮಗೆ ಸಿಕ್ಕಿದ್ದು ನಾಲ್ಕೇ ಸೆಕೆಂಡ್.

ಇನ್ನೊಂದು ಇಂಟರ್‌ವಲ್. ನಮ್ಮ ಸಿನಿಮಾಗಳನ್ನ ಬರೆಯೋದೇ ಇಂಟರ್‌ವಲ್ ಲೆಕ್ಕ ಇಟ್ಕೊಂಡು. ಅಲ್ಲೊಂದು ತಿರುವು ಕೊಡ್ತಾರೆ, ಲೈಟ್ ಹತ್ತುತ್ತೆ, ಹತ್ತು ನಿಮಿಷ ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತು ಅದನ್ನೇ ಮಾತಾಡ್ತೀವಿ. ಆಮೇಲೆ ಸೆಕೆಂಡ್ ಹಾಫ್ ನಿಧಾನವಾಗಿ ಶುರುವಾದ್ರೂ ಬೇಜಾರಾಗಲ್ಲ. ಮನೇಲಿ ಆ ಬಿಡುವು ಇಲ್ಲ. ತಿರುವು ಬಂದ ಮರುಕ್ಷಣವೇ ನಿಧಾನ ಶುರು. "ಸೆಕೆಂಡ್ ಹಾಫ್ ಎಳೆದಿದ್ದಾರೆ" ಅನ್ನೋ ಮಾತು ಮನೇಲಿ ನೋಡೋರ ಬಾಯಲ್ಲಿ ಸುಲಭವಾಗಿ ಬರೋಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ.

ದುಡ್ಡಿನ ಕಡೆಯಿಂದ ನೋಡಿದ್ರೆ

ನಾನು ಬಿ.ಕಾಂ. ಓದಿದವಳು, ಲೆಕ್ಕ ಬಿಟ್ಟು ಮಾತು ಮುಗಿಸೋಕೆ ಬರಲ್ಲ. ಒಂದು ಸಿನಿಮಾ ನಮ್ಮ ಫೋನಿಗೆ ಬರೋಕೆ ಮುಖ್ಯವಾಗಿ ಮೂರು ದಾರಿ ಇದೆ.

ಒಂದು, ಓಟಿಟಿ ಸಂಸ್ಥೆ ಒಂದು ಮೊತ್ತ ಕೊಟ್ಟು ಇಷ್ಟು ವರ್ಷಕ್ಕೆ ಅಂತ ಹಕ್ಕು ತಗೊಳ್ಳುತ್ತೆ. ನಿರ್ಮಾಪಕರಿಗೆ ದುಡ್ಡು ಖಾತ್ರಿ. ಎರಡು, ಬಾಡಿಗೆ. ನೋಡೋರು ಒಂದು ಸಿನಿಮಾಕ್ಕೆ ಅಂತ ದುಡ್ಡು ಕೊಟ್ಟು ನೋಡ್ತಾರೆ, ಅದರಲ್ಲಿ ನಿರ್ಮಾಪಕರಿಗೆ ಪಾಲು. ಮೂರು, ಎಷ್ಟು ಹೊತ್ತು ನೋಡಿದ್ರು ಅನ್ನೋ ಲೆಕ್ಕದಲ್ಲಿ ದುಡ್ಡು. ದೊಡ್ಡ ಸ್ಟಾರ್ ಇಲ್ಲದ ಸಿನಿಮಾಗಳಿಗೆ ಮೊದಲನೇ ದಾರಿ ಕಷ್ಟ. ಎರಡು, ಮೂರನೇ ದಾರೀನೇ ಗತಿ.

ಮೂರನೇ ದಾರಿಯಲ್ಲಿ ಏನಾಗುತ್ತೆ ನೋಡಿ. ಎರಡು ಗಂಟೆಯ ಸಿನಿಮಾನ ನೀವು 40 ನಿಮಿಷಕ್ಕೆ ಬಿಟ್ಟರೆ ಲೆಕ್ಕಕ್ಕೆ ಬರೋದು ಮೂರನೇ ಒಂದು ಭಾಗ. ಗ್ರೂಪಲ್ಲಿ ಬರೋ ಕಳ್ಳ ಲಿಂಕಲ್ಲಿ ನೋಡಿದ್ರೆ ಸೊನ್ನೆ. "ಒಳ್ಳೇ ಸಿನಿಮಾ ಗುರು, ಎಲ್ರೂ ನೋಡಿ" ಅಂತ ಅದೇ ಲಿಂಕ್ ಫಾರ್ವರ್ಡ್ ಮಾಡಿದ್ರೆ ಹೊಗಳಿಕೆಯೂ ಸಿಕ್ತು, ನಷ್ಟವೂ ಸಿಕ್ತು.

ಈ ಮೂರೂ ಕೈಕೊಟ್ಟಾಗ ಏನ್ ಮಾಡ್ತಾರೆ ಅನ್ನೋದಕ್ಕೆ 'ಏಕಂ' ವೆಬ್ ಸರಣಿ ಉದಾಹರಣೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್ ಅದರ ನಿರ್ಮಾಣದಲ್ಲಿತ್ತು. ಏಳು ಕಥೆಗಳು. ಸರಿಯಾದ ಓಟಿಟಿ ವೇದಿಕೆ ಸಿಗದೆ, 2024ರ ಜುಲೈನಲ್ಲಿ ಸರಣಿಗೇ ಒಂದು ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಡುಗಡೆ ಮಾಡಿದ್ರು. ಹೆಸರಿರೋ ನಟ ಬೆನ್ನಿಗಿದ್ದಾಗಲೇ ಹೀಗಾದ್ರೆ, ಹೊಸಬರ ಪಾಡು ಯೋಚನೆ ಮಾಡಿ. ಪ್ರಚಾರಕ್ಕೆ ದುಡ್ಡಿಲ್ಲದ ಸಿನಿಮಾಕ್ಕೆ ನೋಡಿದವರ ಬಾಯಿಮಾತೇ ಪ್ರಚಾರ.

ಬಾಯಿಮಾತು ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ 'ದಿಯಾ' ಇದೆ. ಕೆ.ಎಸ್. ಅಶೋಕ ನಿರ್ದೇಶನ. ಖುಷಿ ರವಿ, ಪೃಥ್ವಿ ಅಂಬಾರ್, ದೀಕ್ಷಿತ್ ಶೆಟ್ಟಿ ನಟಿಸಿದ್ದು. 2020ರ ಫೆಬ್ರವರಿ 7ಕ್ಕೆ ಥಿಯೇಟರ್‌ಗೆ ಬಂತು. ಮಾರ್ಚ್ ಮಧ್ಯದ ಹೊತ್ತಿಗೆ ಕೊರೊನಾ ಅಂತ ರಾಜ್ಯದ ಥಿಯೇಟರ್‌ಗಳೇ ಮುಚ್ಚಿದ್ವು. ಆಮೇಲೆ ಲಾಕ್‌ಡೌನ್‌ನಲ್ಲಿ ಮನೇಲಿ ಕೂತವರು ಓಟಿಟಿಯಲ್ಲಿ ನೋಡಿದ್ರು, ಒಬ್ಬರಿಗೊಬ್ಬರು ಹೇಳಿದ್ರು. ಕನ್ನಡ ಬಾರದವರೂ ಹುಡುಕಿಕೊಂಡು ನೋಡಿದ್ರು. ನನಗೂ ಹಾಸ್ಟೆಲ್ ಫ್ರೆಂಡ್ ಒಬ್ಬಳು "ಏನೂ ಕೇಳ್ಬೇಡ, ನೋಡು" ಅಂತ ಮೆಸೇಜ್ ಹಾಕಿದ್ದಳು. ಕೊನೆ ಏನು ಅಂತ ಅವಳು ಹೇಳಲಿಲ್ಲ. ಅದಕ್ಕೆ ಈಗಲೂ ಅವಳಿಗೆ ಥ್ಯಾಂಕ್ಸ್.

ಹಾಗಾದ್ರೆ ಅಭಿಪ್ರಾಯ ಹೇಗೆ ಹೇಳೋದು

ಸಣ್ಣ ಸಿನಿಮಾ ಅಂತ ಸುಳ್ಳು ಹೊಗಳಿ ಅಂತ ಹೇಳ್ತಿಲ್ಲ. ಸುಳ್ಳು ನಂಬಿ ಒಂದು ಸಲ ಮೋಸ ಹೋದವರು ಮುಂದಿನ ಸಲ ಒಳ್ಳೇ ಸಿನಿಮಾ ಬಂದ್ರೂ ನಂಬಲ್ಲ. ಈಗ ನಾನು ಇಟ್ಕೊಂಡಿರೋ ನಾಲ್ಕು ಅಭ್ಯಾಸ ಹೇಳ್ತೀನಿ.

ಒಂದು, ಎಲ್ಲಿ, ಹೇಗೆ ನೋಡಿದೆ ಅಂತ ಮೊದಲೇ ಹೇಳೋದು. ಎರಡು, ಪೂರ್ತಿ ನೋಡಿಲ್ಲ ಅಂದ್ರೆ "ಇಷ್ಟು ನೋಡಿ ಬಿಟ್ಟೆ" ಅನ್ನೋದು. ಮೂರು, "ಚೆನ್ನಾಗಿದೆ", "ಚೆನ್ನಾಗಿಲ್ಲ" ಅಂತ ಮುಗಿಸದೆ ಒಂದು ಸೀನ್ ಹೆಸರಿಸೋದು. ನಾಲ್ಕು, "ಚೆನ್ನಾಗಿಲ್ಲ" ಬೇರೆ, "ನನಗೆ ಹಿಡಿಸಲಿಲ್ಲ" ಬೇರೆ ಅಂತ ನೆನಪಿಡೋದು. ಮೊದಲನೇದಕ್ಕೆ ಕಾರಣ ಕೊಡಬೇಕು, ಎರಡನೇದಕ್ಕೆ ಬೇಕಿಲ್ಲ.

ಇದೇ ರೀತಿ ಮನೇಲಿ ನೋಡಿದ ಮೂರು ಸಿನಿಮಾ ಬಗ್ಗೆ ಹೇಳ್ತೀನಿ.

'ಶಾಖಾಹಾರಿ', 2024. ಸಂದೀಪ್ ಸುಂಕದ್ ನಿರ್ದೇಶನ. ಟಿವಿಯಲ್ಲಿ, ರಾತ್ರಿ, ಒಂದೇ ಕೂತಲ್ಲಿ ನೋಡಿದ್ದು. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್, ಅದನ್ನ ನಡೆಸೋ ಸುಬ್ಬಣ್ಣ, ಆ ಹೋಟೆಲಿಗೆ ಬಂದು ಸೇರೋ ಒಂದು ಅಪರಾಧ. ರಂಗಾಯಣ ರಘು ಅವರನ್ನ ನಾವು ಜೋರು ಮಾತಿನ ಪಾತ್ರಗಳಲ್ಲೇ ಹೆಚ್ಚು ನೋಡಿದೀವಿ. ಇಲ್ಲಿ ಅವರು ಅಡುಗೆಮನೆಯಲ್ಲಿ ಸುಮ್ಮನೆ ಕೆಲಸ ಮಾಡ್ತಾ ಇರೋದನ್ನ ನೋಡೋಕೇ ಭಯ ಆಗುತ್ತೆ. ಗೋಪಾಲಕೃಷ್ಣ ದೇಶಪಾಂಡೆ ಅವರ ಪೊಲೀಸ್ ಪಾತ್ರಕ್ಕೂ ಅದರದ್ದೇ ಆದ ನೋವಿದೆ. ನನ್ನ ತಕರಾರು ಒಂದೇ: ಕೊನೆ ಕಡೆಗೆ ಕೆಲವು ಸಂಗತಿ ಸ್ವಲ್ಪ ಸಲೀಸಾಗಿ ಕೂಡಿಬರುತ್ತೆ. ಊಟ ಮಾಡ್ತಾ ನೋಡಬೇಡಿ, ಅಷ್ಟು ಹೇಳ್ತೀನಿ.

'ಬ್ಲಿಂಕ್', ಅದೂ 2024. ಶ್ರೀನಿಧಿ ಬೆಂಗಳೂರು ನಿರ್ದೇಶನ, 'ದಿಯಾ'ದ ದೀಕ್ಷಿತ್ ಶೆಟ್ಟಿ ನಾಯಕ. ಪರೀಕ್ಷೆಯಲ್ಲಿ ಫೇಲಾಗಿರೋದನ್ನ ಅಮ್ಮನಿಂದ ಮುಚ್ಚಿಟ್ಟಿರೋ ಹುಡುಗ ಕಾಲದಲ್ಲಿ ಹಿಂದೆ ಮುಂದೆ ಹೋಗೋ ಕಥೆ. ಇದನ್ನ ಲ್ಯಾಪ್‌ಟಾಪಲ್ಲಿ ಹೆಡ್‌ಫೋನ್ ಹಾಕಿ, ನಾಲ್ಕೈದು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಯಾವ ಕಾಲದಲ್ಲಿ ಇದೀವಿ ಅಂತ ಪಾಸ್ ಮಾಡಿ ಲೆಕ್ಕ ಹಾಕೋಕೆ ಆಗೋದು ಮನೇಲಿ ಮಾತ್ರ. ಹಾಗಾಗಿ ಮನೇಲಿ ನೋಡೋದು ಯಾವಾಗಲೂ ನಷ್ಟವೇ ಅಂತೇನಿಲ್ಲ. ನಡುವೆ ಒಂದಷ್ಟು ಹೊತ್ತು ಲೆಕ್ಕ ಜಾಸ್ತಿ, ಭಾವನೆ ಕಡಿಮೆ ಅನ್ನಿಸ್ತು. ಆದ್ರೆ ಅಮ್ಮ ಮಗನ ಭಾಗಕ್ಕೆ ಬಂದಾಗ ಲೆಕ್ಕ ಮರೆತುಹೋಯ್ತು.

'ಮಿಥ್ಯ'. ಸುಮಂತ್ ಭಟ್ ನಿರ್ದೇಶನ, 2025ರ ಮಾರ್ಚ್‌ನಲ್ಲಿ ಥಿಯೇಟರ್‌ಗೆ ಬಂದಿದ್ದು. ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಹನ್ನೊಂದು ವರ್ಷದ ಹುಡುಗ ಮಿಥುನ್, ಮುಂಬೈ ಬಿಟ್ಟು ಉಡುಪಿಯಲ್ಲಿ ನೆಂಟರ ಮನೆ ಸೇರ್ತಾನೆ. ದೊಡ್ಡವರು ಪಕ್ಕದ ಕೋಣೆಯಲ್ಲಿ ಮಾತಾಡ್ತಾರೆ, ಅವನು ಕೇಳಿಸಿಕೊಳ್ತಾನೆ, ಏನೂ ಹೇಳಲ್ಲ. ಅವನ ದುಃಖಕ್ಕೆ ಸಿನಿಮಾ ಅವಸರ ಮಾಡಲ್ಲ. ಇದನ್ನ ನೋಡುವಾಗ ಮಾತ್ರ ಫೋನ್ ಬೇರೆ ಕೋಣೆಯಲ್ಲಿಟ್ಟೆ. ಕೈಯಲ್ಲಿದ್ದಿದ್ರೆ ಇಪ್ಪತ್ತನೇ ನಿಮಿಷಕ್ಕೆ ರೀಲ್ಸ್ ತೆಗೀತಿದ್ದೆ, ಆಮೇಲೆ ಬಂದು ನಿಮಗೆ "ಸ್ಲೋ" ಅಂತಿದ್ದೆ. ಸ್ಲೋ ಹೌದು. ದಿನವಿಡೀ ದುಡಿದು ಬಂದು ನಗೋಣ ಅಂತ ಕೂತವರಿಗೆ ಇದು ಬೇಡ. ರಜೆ ದಿನ ಇಟ್ಕೊಳ್ಳಿ.

ಮತ್ತೆ ಆ ಸಿನಿಮಾ

ಮೊದಲು ಹೇಳಿದ್ನಲ್ಲ, ಬಾಗಿಲ ಸೀನಿನ ಸಿನಿಮಾ. ಎರಡನೇ ಸಲ ನೋಡಿದ ಮೇಲೂ ಅದು ನನಗೆ ಪೂರ್ತಿ ಹಿಡಿಸಲಿಲ್ಲ. ಸಾಲ ಕೊಟ್ಟವನ ಉಪಕಥೆ ಬೇಕಿರಲಿಲ್ಲ, ಅದನ್ನ ತೆಗೆದಿದ್ರೆ ಅಪ್ಪ ಮಗನ ಕಥೆಗೆ ಇನ್ನೂ ಜಾಗ ಸಿಗ್ತಿತ್ತು. ಇದು ನನ್ನ ಈಗಿನ ಅಭಿಪ್ರಾಯ, ಇದಕ್ಕೆ ನಾನು ಜವಾಬ್ದಾರಿ. "ಸುಮ್ನೆ ನಿಂತಿರ್ತಾನೆ" ಅಂದಿದ್ದು ಮಾತ್ರ ತಪ್ಪು. ಆ ಮಾತನ್ನ ಇಲ್ಲೇ ಹೇಳಿದ್ದೆ, ಹಾಗಾಗಿ ಇಲ್ಲೇ ವಾಪಸ್ ತಗೊಳ್ತಾ ಇದೀನಿ.

ಆ ಹುಡುಗನಿಗೂ ಉತ್ತರ ಕಳಿಸಿದೆ. ಮೆಟ್ರೋ, ಒಂದು ಇಯರ್‌ಬಡ್, ಎಲ್ಲ ಒಪ್ಕೊಂಡೆ. ಉಪಕಥೆ ಬಗ್ಗೆ ಇರೋ ತಕರಾರೂ ಬರೆದೆ. ಅಮ್ಮ ಹೇಳಿದ್ದನ್ನೂ ಬರೆದೆ. ತಕರಾರಿಗೆ ಅವನು "ಅದು ಡೈರೆಕ್ಟರ್ ವಿಷಯ ಅಕ್ಕ" ಅಂತ ನಕ್ಕ ಎಮೋಜಿ ಹಾಕಿದ. ಅಮ್ಮನ ಮಾತಿಗೆ ಸ್ವಲ್ಪ ಹೊತ್ತಾದ ಮೇಲೆ ಬರೆದ: ಆ ಕೆಮ್ಮನ್ನ ಸರಿಯಾದ ಜಾಗಕ್ಕೆ ಕೂರಿಸೋಕೆ ಅವರಿಗೆ ಎರಡು ರಾತ್ರಿ ಹಿಡಿದಿತ್ತಂತೆ. "ನಿಮ್ಮಮ್ಮಂಗೆ ಕೇಳ್ಸಿದೆ ಅಂತ ನಮ್ ಸಾರ್‌ಗೂ ಹೇಳ್ತೀನಿ" ಅಂದ.

ಈ ವಾರ ಮನೇಲಿ ನೀವೊಂದು ಸಿನಿಮಾ ನೋಡ್ತೀರಲ್ಲ, ಅದನ್ನ ಯಾರಿಗಾದ್ರೂ ಹೇಳುವಾಗ ಯಾವುದರಲ್ಲಿ ನೋಡಿದ್ರಿ ಅನ್ನೋದನ್ನೂ ಸೇರಿಸಿ. ಮನೇಲಿ ಅಮ್ಮನೋ ಅಜ್ಜೀನೋ ಜೊತೆಗೆ ಕೂತಿದ್ರೆ ಮುಗಿದ ಮೇಲೆ ಅವರನ್ನೂ ಒಂದು ಮಾತು ಕೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.