ಫುಟ್‌ಪಾತ್ ಇಲ್ಲದ ಬಾಡಿಗೆ ಮನೆ ನಿಜಕ್ಕೂ ಅಗ್ಗವೇ?

ಬಾಡಿಗೆ ಮನೆ ಹುಡುಕುವಾಗ ನಾವೆಲ್ಲ ಏನು ನೋಡುತ್ತೇವೆ? ಬಾಡಿಗೆ, ಅಡ್ವಾನ್ಸ್, ಎಸಿ, ಪಾರ್ಕಿಂಗ್. ನಾನೂ ಅಷ್ಟೇ ನೋಡಿದೆ. ದಿನವಿಡೀ ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವವನು ಮನೆಯ ಲೆಕ್ಕದಲ್ಲಿ ಎಡವಿದ ಕಥೆ ಇದು.

2021ರವರೆಗೆ ನಾವು ಮಸ್ಕತ್‌ನ ರುವಿಯಲ್ಲಿದ್ದೆವು. ಹಳೆಯ ಕಟ್ಟಡ, 260 ರಿಯಾಲ್ ಬಾಡಿಗೆ. ಸೀಬ್ ಕಡೆಯ ಹೊಸ ಬಡಾವಣೆಯಲ್ಲಿ ಅದಕ್ಕಿಂತ ದೊಡ್ಡ ಮನೆ 210ಕ್ಕೆ ಸಿಕ್ಕಿತು. ತಿಂಗಳಿಗೆ 50 ರಿಯಾಲ್ ಉಳಿತಾಯ! ಹಿಂದೆ ಮುಂದೆ ಯೋಚಿಸದೆ ಸಾಮಾನು ಕಟ್ಟಿದೆವು.

ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಅಪ್ಪ ಬಂದರು. ಹಿಂದಿನ ಸಲ ರುವಿಗೆ ಬಂದಾಗ ಅವರಿಗೆ ನಮ್ಮ ಅಗತ್ಯವೇ ಇರಲಿಲ್ಲ. ಬೆಳಿಗ್ಗೆ ವಾಕಿಂಗ್ ಮುಗಿಸಿ, ಮಲಯಾಳಿಯ ಅಂಗಡಿಯಲ್ಲಿ ಚಹಾ ಕುಡಿದು, ಸೊಪ್ಪು ತರಕಾರಿ ಹಿಡಿದು ಬರುತ್ತಿದ್ದರು. ಹೊಸ ಮನೆಯಲ್ಲಿ ಬಾಲ್ಕನಿಯೇ ಗತಿ. ಎದುರಿಗೇ ಸೂಪರ್ ಮಾರ್ಕೆಟ್, ಹೆಚ್ಚೆಂದರೆ 400 ಮೀಟರ್. ಆದರೆ ನಡುವೆ ಆರು ಲೇನ್ ರಸ್ತೆ. ಕಾರಿನಲ್ಲಿ ಹೋದರೆ ಯು-ಟರ್ನ್ ಹೊಡೆದು ಎರಡೂವರೆ ಕಿಲೋಮೀಟರ್. "ಅಂಗಡಿ ಕಣ್ಣಿಗೆ ಕಾಣ್ತೈತಿ, ಕಾಲಿಗೆ ಸಿಗೂದಿಲ್ಲ ನೋಡಪ್ಪಾ" ಅಂದರು ಅಪ್ಪ.

ಒಂದು ಸಂಜೆ ಮನೆಯಲ್ಲಿ ಹಾಲು ಮುಗಿದಿತ್ತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಪ್ಪ ಹೊರಟೇಬಿಟ್ಟಿದ್ದರು. ನನಗೆ ಕಂಡಿದ್ದು ರಸ್ತೆಯ ನಡುವಿನ ಡಿವೈಡರ್ ಮೇಲೆ, ಕೈಚೀಲ ಹಿಡಿದು ನಿಂತ ಎಪ್ಪತ್ತೆರಡರ ಮನುಷ್ಯ. ಎರಡೂ ಕಡೆ ನೂರರ ವೇಗದಲ್ಲಿ ಗಾಡಿಗಳು. ಮುಂದಕ್ಕೂ ಹೋಗಲಾರರು, ಹಿಂದಕ್ಕೂ ಬರಲಾರರು. ಅವರ ಪಕ್ಕದಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಇಬ್ಬರು ಕಟ್ಟಡ ಕಾರ್ಮಿಕರು ನಿಂತಿದ್ದರು. ಅವರಿಗೆ ಅದು ದಿನನಿತ್ಯದ ದಾರಿ. ಕೊನೆಗೆ ಅಪ್ಪನ ಕೈ ಹಿಡಿದು ದಾಟಿಸಿದವರೂ ಅವರೇ. ನಿಗದಿಯಲ್ಲದ ಜಾಗದಲ್ಲಿ ರಸ್ತೆ ದಾಟುವುದು ಇಲ್ಲಿ ಅಪರಾಧ. ಆದರೆ ನಿಗದಿಯಾದ ಜಾಗ ಹತ್ತಿರದಲ್ಲಿ ಇರಬೇಕಲ್ಲ?

ಮುಂದಿನ ತಿಂಗಳೇ ಹೆಂಡತಿಗೆಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು. 2,400 ರಿಯಾಲ್ ಕೊಟ್ಟು ಕೊಂಡಿದ್ದನ್ನು ಮೂರು ವರ್ಷದ ನಂತರ 1,350ಕ್ಕೆ ಮಾರಿದೆ. ಈಗ ತಿಂಗಳ ಲೆಕ್ಕ ನೋಡಿ:

ಸವಕಳಿ: 29 ರಿಯಾಲ್
ಸಾಲದ ಬಡ್ಡಿ: 6
ಇನ್ಶೂರೆನ್ಸ್, ನೋಂದಣಿ: 7
ಪೆಟ್ರೋಲ್, 80 ಲೀಟರ್: 19
ಸರ್ವೀಸ್, ಟೈರ್: 12
ಒಟ್ಟು: 73 ರಿಯಾಲ್

ಬಾಡಿಗೆಯಲ್ಲಿ ಉಳಿದಿದ್ದು 50, ಕಾರು ತಿಂದಿದ್ದು 73. ಮೂರು ವರ್ಷಕ್ಕೆ 828 ರಿಯಾಲ್ ನಷ್ಟ. ರಿಯಾಲ್‌ಗೆ 220 ರೂಪಾಯಿ ಹಿಡಿದರೂ 1.8 ಲಕ್ಷ. ಇದರಲ್ಲಿ ಡ್ರೈವಿಂಗ್ ಕ್ಲಾಸಿನ ಫೀಸು ಸೇರಿಲ್ಲ, ನಮ್ಮ ಸಮಯವೂ ಸೇರಿಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. 2016ರ ಜನವರಿಗೆ ಮುಂಚೆ ಒಮಾನ್‌ನಲ್ಲಿ ಸೂಪರ್ ಪೆಟ್ರೋಲ್ ಲೀಟರ್‌ಗೆ 120 ಬೈಸಾ ಇತ್ತು. ಸಬ್ಸಿಡಿ ಹೋದ ಮೇಲೆ ದರ ಏರಿತು. 2021ರ ಕೊನೆಯಲ್ಲಿ ಸರ್ಕಾರ ಮಿತಿ ಹಾಕಿದಾಗ ಅದು 239 ಬೈಸಾ, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಅಗ್ಗದ ಪೆಟ್ರೋಲ್ ಕಾಲದಲ್ಲಿ ಕಾರಿಗಾಗಿ ಕಟ್ಟಿದ ಬಡಾವಣೆ ಹಾಗೇ ಉಳಿಯಿತು, ಬಿಲ್ ಮಾತ್ರ ನಮ್ಮ ಮನೆಗೆ ಬಂತು. ನಗರ ಫುಟ್‌ಪಾತ್‌ಗೆ ಖರ್ಚು ಮಾಡದಿದ್ದರೆ ಆ ಹಣ ಉಳಿಯಿತು ಅಂದುಕೊಳ್ಳಬೇಡಿ. ಅದು ಪ್ರತಿ ಕುಟುಂಬದ ಲೆಡ್ಜರ್‌ಗೆ ವರ್ಗವಾಗುತ್ತದೆ, ಅಷ್ಟೇ.

"ಈ ಬಿಸಿಲಿನಲ್ಲಿ ಯಾರು ಸ್ವಾಮಿ ನಡೀತಾರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನೇ ಇಲ್ಲಿ ನಿಷೇಧಿಸಿದ್ದಾರೆ. ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಬಯಲುಸೀಮೆಗಿಂತ ಹಿತವಾದ ಹವೆ. ಆಗ ಸಂಜೆ ಮತ್ರಾ ಕಾರ್ನಿಶ್‌ಗೆ ಹೋಗಿ ನೋಡಿ, ಸಮುದ್ರದ ದಂಡೆಯುದ್ದಕ್ಕೂ ಜನವೋ ಜನ. ಪಕ್ಕದ ಮತ್ರಾ ಸೂಕ್‌ನ ಕಿರಿದಾದ ಓಣಿಗಳಿಗೆ ಮೇಲೆ ಚಾವಣಿ ಇದೆ. ಬಿಸಿಲಿನ ಊರಲ್ಲಿ ನಡೆಯುವುದು ಹೇಗೆ ಅನ್ನುವುದು ಹಳೆಯ ಮಸ್ಕತ್‌ಗೆ ಗೊತ್ತಿತ್ತು. ಗಿಡ, ನೆರಳು, ತುಂಡಾಗದ ಫುಟ್‌ಪಾತ್, ದಾಟಲು ಸಿಗ್ನಲ್. ಫ್ಲೈಓವರ್ ಮುಂದೆ ಇವೆಲ್ಲ ಚಿಲ್ಲರೆ ಖರ್ಚು.

ಬದಲಾವಣೆ ಆಗುತ್ತಿಲ್ಲ ಎಂದಲ್ಲ. 2015ರ ನವೆಂಬರ್‌ನಿಂದ ಮುವಾಸಲಾತ್‌ನ ಕೆಂಪು ಬಸ್ಸುಗಳು ರುವಿ-ಮಬೇಲಾ ನಡುವೆ ಓಡುತ್ತಿವೆ. ಆದರೆ ಬಸ್‌ಸ್ಟಾಪಿನವರೆಗೆ ನಡೆಯಲು ದಾರಿ ಇಲ್ಲದಿದ್ದರೆ ಬಸ್ಸಿದ್ದೂ ಇಲ್ಲದಂತೆ. 2023ರಲ್ಲಿ ಸೀಬ್‌ನಲ್ಲಿ ಘೋಷಣೆಯಾದ ಸುಲ್ತಾನ್ ಹೈತಮ್ ನಗರದ ಯೋಜನೆ ಒಂದು ಲಕ್ಷ ಜನರಿಗಾಗಿ. ಅದರಲ್ಲಿ ಪಾದಚಾರಿಗಳಿಗೂ ಸೈಕಲ್‌ಗೂ ದಾರಿ ಮೊದಲೇ ಸೇರಿದೆ. ನಮ್ಮ ಕಡೆಯೂ ಪ್ರಯತ್ನಗಳಾಗಿವೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ 2018ರ ಹೊತ್ತಿಗೆ ಕಲ್ಲು ಹಾಸಿದರು, 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿಗಳನ್ನೇ ಬಿಡಲಿಲ್ಲ.

ನಗರ ಬದಲಾಗುವವರೆಗೆ ನೀವು ಮಾಡಬಹುದಾದದ್ದು ಇಷ್ಟು. ಮನೆಗೆ ಅಡ್ವಾನ್ಸ್ ಕೊಡುವ ಮುನ್ನ ಒಂದು ಸಂಜೆ ಅಲ್ಲಿ ನಡೆದು ನೋಡಿ. ಹಾಲು, ಔಷಧ, ಬಸ್‌ಸ್ಟಾಪ್, ಮಕ್ಕಳ ಆಟದ ಜಾಗ, ಈ ನಾಲ್ಕಕ್ಕೂ ಕಾಲ್ನಡಿಗೆಯಲ್ಲಿ ಹೋಗಿ ಬನ್ನಿ. ವಯಸ್ಸಾದವರು ಒಬ್ಬರೇ ಹೋಗಿ ಬರಬಹುದೇ? ಇಲ್ಲ ಎಂದಾದರೆ ಬಾಡಿಗೆಗೆ ಎರಡನೇ ಕಾರಿನ ಖರ್ಚು ಸೇರಿಸಿ, ಆಮೇಲೆ ಹೋಲಿಸಿ.

ಕಾರು ಮಾರಿದ 2025ರ ಜನವರಿಯಲ್ಲೇ ನಾವು ರುವಿಗೆ ವಾಪಸ್ ಬಂದೆವು. ಮನೆ ಚಿಕ್ಕದು, ಬಾಡಿಗೆ ಜಾಸ್ತಿ. ಈ ಸಲ ಅಪ್ಪ ಬಂದಾಗ ಹಾಲು ತರುವ ಕೆಲಸ ಮತ್ತೆ ಅವರದೇ.