ನೀರಿನ ದಾರಿ ಅರಿತು ಕಟ್ಟಿದ ಮನೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳು ಪಶ್ಚಿಮ ಘಟ್ಟಕ್ಕೂ ಕಡಲತೀರಕ್ಕೂ ನಡುವಣ ಗುಡ್ಡ ಬಯಲುಗಳಲ್ಲಿ ಹರಡಿವೆ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಅನೇಕ ಬಾವಿಗಳು ಬತ್ತುತ್ತವೆ. ಈ ನೆಲದಲ್ಲಿ ಕಟ್ಟುವ ಮನೆ ನೆರೆ, ಗುಡ್ಡ ಜರಿತ, ಬಿರುಗಾಳಿ, ಭೂಕಂಪಗಳನ್ನು ತಾಳಿಕೊಳ್ಳಬೇಕು. ಬೇಸಿಗೆಯ ಸೆಕೆಯನ್ನೂ ನೀರಿನ ಬರವನ್ನೂ ಕಳೆಯಬೇಕು.

ಹವಾಮಾನ ಬದಲಾವಣೆ ಈ ಹೊರೆಯನ್ನು ಹೆಚ್ಚಿಸಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಾಗಾಗಿ ವಾರವಿಡೀ ಹದವಾಗಿ ಬೀಳಬೇಕಾದ ಮಳೆ ಒಂದೆರಡು ದಿನಗಳಲ್ಲೇ ಸುರಿಯುವ ಸಂಭವ ಹೆಚ್ಚುತ್ತದೆ. ಅರಬ್ಬೀ ಸಮುದ್ರವೂ ಬಿಸಿಯೇರುತ್ತಿರುವುದರಿಂದ 2021ರ ಮೇ ತಿಂಗಳಲ್ಲಿ ಬಂದ ತೌಕ್ತೆಯಂಥ ಚಂಡಮಾರುತಗಳನ್ನು ಲೆಕ್ಕಕ್ಕೆ ಹಿಡಿಯದೆ ಕರಾವಳಿಯಲ್ಲಿ ಮನೆ ಕಟ್ಟುವಂತಿಲ್ಲ.

ಸುಸ್ಥಿರ ಕಟ್ಟಡವೆಂದರೆ ಕಡಿಮೆ ಸಿಮೆಂಟು, ಕಡಿಮೆ ವಿದ್ಯುತ್ ಬಳಸುವ ಕಟ್ಟಡವಷ್ಟೇ ಅಲ್ಲ. ಹತ್ತು ವರ್ಷಕ್ಕೊಮ್ಮೆ ಕುಸಿದು ಮತ್ತೆ ಕಟ್ಟಿಸಿಕೊಳ್ಳುವ ಮನೆ ಪ್ರತಿ ಸಲವೂ ಹೊಸದಾಗಿ ಮರಳು, ಕಬ್ಬಿಣ, ಸಿಮೆಂಟು ಬೇಡುತ್ತದೆ. ಬಾಳಿಕೆಯೇ ಸುಸ್ಥಿರತೆಯ ಮೊದಲ ಗುಣ. ಈ ಮೂರು ತಾಲ್ಲೂಕುಗಳಲ್ಲಿ ಬಾಳಿಕೆಯನ್ನು ತೀರ್ಮಾನಿಸುವುದು ನೀರು.

ನೆಲದಡಿಯ ಎರಡು ಪದರ

ಇಲ್ಲಿನ ಗುಡ್ಡಗಳ ಮೇಲ್ಪದರ ಮುರಕಲ್ಲು, ಅಂದರೆ ಕೆಂಪುಕಲ್ಲು. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇದೇ ಬಗೆಯ ಕಲ್ಲಿಗೆ 1807ರ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವುದು ಇದರ ವಿಶೇಷ.

ಅನೇಕ ಕಡೆ ಈ ಗಟ್ಟಿ ಪದರದ ಕೆಳಗೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣಗಳ ಈ ನುಣುಪು ಮಣ್ಣು ಒಣಗಿದ್ದಾಗ ಕಡಿದಾದ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮನೆಗೆ ಜಾಗ ಮಾಡಲು ಜೆಸಿಬಿಯಿಂದ ಗುಡ್ಡವನ್ನು ನೆಟ್ಟಗೆ ಕಡಿದಾಗ ಈ ಪದರ ಮಳೆಗೆ ತೆರೆದುಕೊಳ್ಳುತ್ತದೆ. ಮೇಲಿನ ಮುರಕಲ್ಲಿನ ಸಂದುಗಳಲ್ಲಿ ಇಳಿದ ನೀರು ಶೇಡಿಯನ್ನು ತೋಯಿಸುತ್ತದೆ, ಅದರ ಮೇಲಿನ ಭಾರವೆಲ್ಲ ಕೆಳಗೆ ಬರುತ್ತದೆ. ಊರವರು ಇದನ್ನು ಬರೆ ಜರಿಯುವುದು ಎನ್ನುತ್ತಾರೆ. 2022ರ ಜುಲೈ ಮೊದಲ ವಾರ ಬಂಟ್ವಾಳ ತಾಲ್ಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು ರಬ್ಬರ್ ತೋಟದ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಬರೆಯ, ಅಂದರೆ ಕಡಿದಾದ ಗುಡ್ಡದ ಬದಿಯ, ಕೆಳಗೆ ಮನೆ ಕಟ್ಟುವುದು ಅನಿವಾರ್ಯವಾದರೆ ಕೆಲವು ಎಚ್ಚರಗಳು ಬೇಕು. ಗುಡ್ಡವನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ತೆಗೆಯಬೇಕು. ಬರೆಯ ಎತ್ತರದಷ್ಟಾದರೂ ದೂರ ಬಿಟ್ಟು ಪಂಚಾಂಗ, ಅಂದರೆ ತಳಪಾಯ, ಹಾಕಬೇಕು. ಬರೆಯ ನೆತ್ತಿಯಲ್ಲಿ ಕಣಿ ತೋಡಿ ಮೇಲಿನಿಂದ ಬರುವ ನೀರನ್ನು ಬದಿಗೆ ತಿರುಗಿಸಬೇಕು. ತಡೆಗೋಡೆಯ ಹಿಂದೆ ಜಲ್ಲಿ ತುಂಬಿ, ಗೋಡೆಯಲ್ಲಿ ನೀರು ಸೋರಿಹೋಗುವ ರಂಧ್ರಗಳನ್ನು ಬಿಡಬೇಕು. ರಂಧ್ರವಿಲ್ಲದ ತಡೆಗೋಡೆ ಎಷ್ಟೇ ದಪ್ಪವಿದ್ದರೂ ಹಿಂದೆ ನಿಂತ ನೀರಿನ ಒತ್ತಡಕ್ಕೆ ಮಣಿಯುತ್ತದೆ. ಗುಡ್ಡದ ಮೇಲೆ ಬಿರುಕು, ಓರೆಯಾದ ಮರ, ಹಠಾತ್ತನೆ ಕೆಂಪಾದ ಒರತೆ ಕಂಡರೆ ಮನೆ ಬಿಟ್ಟು ಹೊರಡಬೇಕು.

ನೆರೆ ಮತ್ತು ಗೋಡೆ

ನೇತ್ರಾವತಿಯ ದಡದ ಬಂಟ್ವಾಳ ಪೇಟೆ 1923ರಲ್ಲೂ 1974ರಲ್ಲೂ ಮಹಾನೆರೆಗಳನ್ನು ಕಂಡಿದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಟ್ಟದ ಸರಣಿ ಭೂಕುಸಿತದಿಂದ ಬೆಳ್ತಂಗಡಿಯ ಬೆಟ್ಟದ ಬುಡದ ಊರುಗಳು ನಲುಗಿದವು. ಕಾಡಿನಿಂದ ಬೇರುಸಹಿತ ಬಂದ ಮರಗಳು ಕಿರುಸೇತುವೆಗಳಿಗೆ ಅಡ್ಡ ಸಿಕ್ಕಿಕೊಂಡು, ಹೊಳೆಗಳು ಪಾತ್ರ ಬಿಟ್ಟು ತೋಟ ಮನೆಗಳಿಗೆ ನುಗ್ಗಿದವು. ಬಂಟ್ವಾಳದ ನೆರೆಯಲ್ಲಿ ನೀರು ಏರಿ ನಿಲ್ಲುತ್ತದೆ. ಚಾರ್ಮಾಡಿಯ ಬುಡದಲ್ಲಿ ಅದು ಕೆಸರು, ಕಲ್ಲು, ಮರಗಳನ್ನು ಹೊತ್ತು ಅಪ್ಪಳಿಸುತ್ತದೆ. ಮೊದಲನೆಯದನ್ನು ಕಟ್ಟಡದ ವಿನ್ಯಾಸದಿಂದ ಎದುರಿಸಬಹುದು. ಎರಡನೆಯದಕ್ಕೆ ಹಳ್ಳದ ಪಾತ್ರದಿಂದ ದೂರವಿರುವುದೊಂದೇ ಮದ್ದು.

ನಿಂತ ನೀರಿನ ಬಲದ ಲೆಕ್ಕ ಸರಳ. ಗೋಡೆಯ ಹೊರಗೆ ಒಂದು ಮೀಟರ್ ನೀರು ನಿಂತರೆ ಒಂದು ಮೀಟರ್ ಅಗಲದ ಗೋಡೆಯ ಮೇಲೆ ಅರ್ಧ ಟನ್ ಬಲ ಬೀಳುತ್ತದೆ. ನೀರು ಎರಡು ಮೀಟರಿಗೆ ಏರಿದರೆ ಬಲ ಇಮ್ಮಡಿಯಲ್ಲ, ನಾಲ್ಕು ಪಟ್ಟು: ಎರಡು ಟನ್. ಒಂದು ಕಲ್ಲಿನ ಗೋಡೆ ಇಷ್ಟನ್ನು ತಾಳುವುದು ಕಷ್ಟ. ಆದ್ದರಿಂದ ನೆರೆ ಬೀಳುವ ಜಾಗದಲ್ಲಿ ಹಳೆಯ ನೆರೆಯ ಗುರುತಿಗಿಂತ ಮೇಲೆ ಪಂಚಾಂಗವನ್ನು ಏರಿಸಬೇಕು, ಇಲ್ಲವೇ ಕಂಬಗಳ ಮೇಲೆ ಮನೆಯನ್ನು ನಿಲ್ಲಿಸಿ ಕೆಳಗೆ ನೀರು ಹಾಯಲು ಬಿಡಬೇಕು. ಎರಡೂ ಆಗದಿದ್ದರೆ ಗೋಡೆಯ ಬುಡದಲ್ಲಿ ಕಿಂಡಿಗಳಿರಬೇಕು. ನೀರು ಒಳಬಂದರೆ ಎರಡೂ ಬದಿಯ ಒತ್ತಡ ಸಮನಾಗಿ ಗೋಡೆ ಉಳಿಯುತ್ತದೆ. ಮಣ್ಣಿನ ಗೋಡೆಗಳು ಬುಡ ನೆನೆದೇ ಬೀಳುವುದರಿಂದ ಕೆಳಗಿನ ಮೂರು ನಾಲ್ಕು ವರಸೆಗಳನ್ನಾದರೂ ಸಿಮೆಂಟು ಗಾರೆಯ ಕಲ್ಲಿನಲ್ಲಿ ಕಟ್ಟುವುದು ಒಳ್ಳೆಯದು.

ನಡುಗುವ ನೆಲಕ್ಕೆ ಕಟ್ಟು

2002ರ ರಾಷ್ಟ್ರೀಯ ಭೂಕಂಪ ನಕ್ಷೆಯಲ್ಲಿ ದಕ್ಷಿಣ ಕನ್ನಡ ಮೂರನೇ ವಲಯದಲ್ಲಿದೆ, ಅಂದರೆ ಸಾಧಾರಣ ಅಪಾಯದ ವಲಯ. 2022ರ ಜೂನ್ ಕೊನೆ ಮತ್ತು ಜುಲೈನಲ್ಲಿ ಸುಳ್ಯದ ಸುತ್ತಮುತ್ತ ಸಣ್ಣ ಕಂಪನಗಳು ಆಗಿದ್ದವು. ಮುರಕಲ್ಲಿನ ಗೋಡೆ ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಅಡ್ಡಕ್ಕೆ ಎಳೆದರೆ ಬಿರಿಯುತ್ತದೆ. ಇದಕ್ಕೆ ಪರಿಹಾರ ಕಾಂಕ್ರೀಟಿನ ಪಟ್ಟಿ. ಪಂಚಾಂಗದ ಮಟ್ಟ, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟ, ಮಾಡು (ಚಾವಣಿ) ಕೂರುವ ಮಟ್ಟ, ಈ ಮೂರು ಕಡೆ ಕಬ್ಬಿಣದ ಸರಳು ಹಾಕಿದ ಪಟ್ಟಿಯನ್ನು ಎಲ್ಲೂ ತುಂಡಾಗದಂತೆ ಮನೆಯ ಸುತ್ತ ಓಡಿಸಬೇಕು. ಸೊಪ್ಪಿನ ಹೊರೆಯನ್ನು ಬಳ್ಳಿ ಬಿಗಿದು ಹಿಡಿಯುವಂತೆ ಈ ಪಟ್ಟಿ ನಾಲ್ಕೂ ಗೋಡೆಗಳನ್ನು ಒಂದಾಗಿಸುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ವಾಹನ ನಿಲ್ಲಿಸಲು ನೆಲಮಹಡಿಯನ್ನು ಬರೀ ಕಂಬಗಳ ಮೇಲೆ ಬಿಡುವ ರೂಢಿಯಿದೆ. 2001ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನ ಇಂಥ ಹಲವು ಕಟ್ಟಡಗಳು ಕುಸಿದವು. ಕಂಬಗಳ ನಡುವೆ ಅಲ್ಲಲ್ಲಿ ಕಾಂಕ್ರೀಟು ಗೋಡೆ ಕೊಟ್ಟರೆ ಈ ದೌರ್ಬಲ್ಯ ನೀಗುತ್ತದೆ.

ಮಾಡು: ಬಸದಿಯ ಪಾಠ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ 1430ರಲ್ಲಿ ಆರಂಭವಾಯಿತು. ಕರಿಕಲ್ಲಿನ ದಪ್ಪ ಕಂಬಗಳ ಕೆಳ ಅಂತಸ್ತು, ಓರೆಯಾಗಿ ಹಾಸಿದ ಕಲ್ಲು ಚಪ್ಪಡಿಗಳ ಚಾವಣಿ, ಎಲ್ಲಕ್ಕಿಂತ ಮೇಲೆ ಮರದ ಅಂತಸ್ತು. ಭಾರವಾದದ್ದು ಬುಡದಲ್ಲಿ, ಹಗುರವಾದದ್ದು ನೆತ್ತಿಯಲ್ಲಿ. ಮಳೆನೀರು ಎಲ್ಲೂ ನಿಲ್ಲದೆ ಗೋಡೆಯಿಂದ ದೂರಕ್ಕೆ ಜಾರುತ್ತದೆ. ಸುಮಾರು ಆರು ಶತಮಾನಗಳ ಮಳೆಗಾಲವನ್ನು ಈ ಕಟ್ಟಡ ತಾಳಿದೆ.

ಊರಮನೆಗಳ ಹಂಚಿನ ಮಾಡಿನಲ್ಲೂ ಇದೇ ತತ್ವವಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಮನೆಮಾತಾಯಿತು. ಹಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ. ಉದ್ದ ಚಾಚಿದ ಸೂರು ಗೋಡೆಯನ್ನು ಮಳೆಯಿಂದಲೂ ಬಿಸಿಲಿನಿಂದಲೂ ಕಾಯುತ್ತದೆ. ಆದರೆ ಬಿರುಗಾಳಿಗೆ ಇದೇ ಸೂರು ಹಿಡಿಕೆಯಾಗುತ್ತದೆ. ಮಂಗಳೂರಿಗೆ ವಿನ್ಯಾಸದ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಅಂಥ ಗಾಳಿ ಚದರ ಮೀಟರಿಗೆ ಸುಮಾರು 90 ಕಿಲೋ ಭಾರದಷ್ಟು ಒತ್ತಡ ಹಾಕುತ್ತದೆ, ಸೂರಿನ ಅಂಚಿನಲ್ಲಿ ಮಾಡನ್ನು ಮೇಲಕ್ಕೆ ಹೀರುತ್ತದೆ. ಆದ್ದರಿಂದ ಅಂಚಿನ ಹಂಚುಗಳನ್ನು ರೀಪಿಗೆ, ರೀಪನ್ನು ಪಕ್ಕಾಸಿಗೆ, ಪಕ್ಕಾಸನ್ನು ಗೋಡೆಯ ಮೇಲಿನ ಕಾಂಕ್ರೀಟು ಪಟ್ಟಿಗೆ ಬಿಗಿಯಬೇಕು. ಜಗಲಿಯ ಮಾಡನ್ನು ಪ್ರತ್ಯೇಕವಾಗಿ ಕಟ್ಟಿದರೆ ಅದು ಹಾರಿದರೂ ಮುಖ್ಯ ಮಾಡು ಉಳಿಯುತ್ತದೆ. ತಾರಸಿಯ ಮೇಲೆ ಹಾಕುವ ತಗಡಿನ ಶೀಟುಗಳಿಗೂ ಈ ಬಿಗಿ ಅಷ್ಟೇ ಅಗತ್ಯ.

ಹೆಚ್ಚಾದ ನೀರು, ಸಾಲದ ನೀರು

ನೂರು ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 4 ಲಕ್ಷ ಲೀಟರ್. ಐದು ಜನರ ಮನೆ ದಿನಕ್ಕೆ 675 ಲೀಟರ್ ಬಳಸಿದರೆ ವರ್ಷಕ್ಕೆ ಬೇಕಾದದ್ದು ಎರಡೂವರೆ ಲಕ್ಷ ಲೀಟರ್. ಇಷ್ಟನ್ನೂ ತೊಟ್ಟಿಯಲ್ಲಿ ತುಂಬಿಡಲಾಗದು. ಸೋಸಿ ಬಾವಿಗೆ ಬಿಡುವುದು ಅಗ್ಗದ ದಾರಿ. ಇಲ್ಲಿನ ಹಿರಿಯರು ಮದಕಗಳೆಂಬ ಕೆರೆಗಳಲ್ಲಿ ನೀರು ಇಂಗಿಸಿ, ಗುಡ್ಡದೊಳಕ್ಕೆ ಸುರಂಗ ಕೊರೆದು ಅದೇ ನೀರನ್ನು ಮರಳಿ ಪಡೆದವರು. ಒಂದು ಎಚ್ಚರ ಮಾತ್ರ ತಪ್ಪಬಾರದು: ಕಡಿದ ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಿದರೆ ಆ ನೀರು ನೇರ ಶೇಡಿ ಪದರಕ್ಕೆ ಇಳಿದು ಗುಡ್ಡವನ್ನೇ ಜಾರಿಸಬಹುದು. ಇಂಗಿಸುವ ಜಾಗ ಮನೆಯ ಕೆಳಬದಿಯಲ್ಲಿ, ಇಳಿಜಾರಿನಿಂದ ದೂರದಲ್ಲಿರಬೇಕು.

ಸಾಮಗ್ರಿಯ ಆಯ್ಕೆ

ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 8. ಮುರಕಲ್ಲನ್ನು ಸುಡಬೇಕಿಲ್ಲ, ದೂರದಿಂದ ತರಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬೆಳೆಸಿದ, ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯೂ ಸುಡದೆ ಸಿದ್ಧವಾಗುತ್ತದೆ. ಸಿಮೆಂಟನ್ನು ಪೂರ್ತಿ ಬಿಡುವ ಅಗತ್ಯವಿಲ್ಲ. ಗೋಡೆಗೆ ಊರಿನ ಕಲ್ಲು, ಕಟ್ಟುಪಟ್ಟಿಗೆ ಕಾಂಕ್ರೀಟು ಎಂದು ಹಂಚಿಕೊಂಡರೆ ಖರ್ಚೂ ಇಳಿಯುತ್ತದೆ, ಬಲವೂ ಉಳಿಯುತ್ತದೆ. ಬರಿದಾದ ಕಲ್ಲುಕೋರೆಗಳನ್ನು ಹಾಗೆಯೇ ಬಿಡದೆ, ಸುತ್ತ ಬೇಲಿ ಹಾಕಿ, ಗುಡ್ಡಕ್ಕೆ ಅಪಾಯವಿಲ್ಲದ ಕಡೆ ನೀರಿನ ಹೊಂಡಗಳಾಗಿ ಉಳಿಸಿಕೊಳ್ಳಬೇಕು.

ಇವುಗಳಲ್ಲಿ ಯಾವುದಕ್ಕೂ ದುಬಾರಿ ತಂತ್ರಜ್ಞಾನ ಬೇಡ. ಜಾಗ ಕೊಳ್ಳುವವರು ಬೇಸಿಗೆಯಲ್ಲಿ ನೋಡಿ ಬಂದು ಪ್ಲಾನು ಬರೆಸುವುದು ವಾಡಿಕೆ. ಆಟಿ ತಿಂಗಳ ಮಳೆ ಸುರಿಯುವಾಗ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ, ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ತೋಡಿಗೆ ಸೇರುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ಪಂಚಾಂಗಕ್ಕೆ ದಾರ ಹಿಡಿಯಬೇಕು.