ಎರವಲು ಸರ, ಹತ್ತು ವರ್ಷದ ಸಾಲ

ಇವತ್ತು ಎರವಲು ಒಡವೆ ಬಗ್ಗೆ ಮಾತಾಡೋಣ.

ನಾನು ಪಿಯುಸಿಯಲ್ಲಿದ್ದಾಗ ಚಿಕ್ಕಮ್ಮನ ಮದುವೆಗೆ ಅಮ್ಮ ಪಕ್ಕದ ಮನೆ ಆಂಟಿ ಹತ್ರ ಅವಲಕ್ಕಿ ಸರ ಇಸ್ಕೊಂಡಿದ್ರು. ಆಲ್ಬಂ ತೆಗೆದು ನೋಡಿದ್ರೆ ಅಮ್ಮನ ಕೈ ಸುಮಾರು ಫೋಟೋಗಳಲ್ಲಿ ಕುತ್ತಿಗೆ ಹತ್ರಾನೇ ಇದೆ. ಸರ ಇದೆಯಾ ಅಂತ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ರು.

ಇದೇ ಭಯದ ಮೇಲೆ ಫ್ರಾನ್ಸಿನ ಕಥೆಗಾರ ಮೊಪಾಸಾ 1884ರಲ್ಲಿ ಒಂದು ಕಥೆ ಬರೆದರು. ಇಂಗ್ಲಿಷ್‌ನಲ್ಲಿ ಅದು 'ದಿ ನೆಕ್ಲೇಸ್'. ಕೊನೆ ಏನು ಅಂತ ಈಗಲೇ ಹೇಳಿಬಿಡ್ತೀನಿ, ಓದದೇ ಇರೋರು ಕ್ಷಮಿಸಿ.

ಮತಿಲ್ಡ್ ಪ್ಯಾರಿಸ್‌ನ ಒಬ್ಬ ಗುಮಾಸ್ತನ ಹೆಂಡತಿ. ಗಂಡ ಕೆಲಸ ಮಾಡೋದು ಶಿಕ್ಷಣ ಇಲಾಖೆಯಲ್ಲಿ. ಮೊಪಾಸಾ ಕೂಡ ಅದೇ ಇಲಾಖೆಯಲ್ಲಿ ಕೆಲಸ ಮಾಡಿದ್ದವರು, ಹಾಗಾಗಿ ಆ ಸಂಬಳದ ಬದುಕು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಂತ್ರಿಗಳ ಮನೆ ಪಾರ್ಟಿಗೆ ಕರೆ ಬರುತ್ತೆ. ಗಂಡ ಬಂದೂಕಿಗೆ ಅಂತ ಕೂಡಿಟ್ಟ 400 ಫ್ರಾಂಕ್ ಬಟ್ಟೆಗೆ ಹೋಗುತ್ತೆ. ಆದರೆ ಬರೀ ಕುತ್ತಿಗೆಯಲ್ಲಿ ಹೋಗೋದು ಹೇಗೆ? ಶಾಲೆಯ ಗೆಳತಿ ಫೊರೆಸ್ಟಿಯೆ ಪೆಟ್ಟಿಗೆ ತೆಗೆದು, ಬೇಕಾದ್ದು ಆರಿಸಿಕೋ ಅಂತಾಳೆ. ಮತಿಲ್ಡ್ ಆರಿಸೋದು ವಜ್ರದ ಸರ. ಬೆಲೆ ಎಷ್ಟು ಅಂತ ಇವಳು ಕೇಳಲ್ಲ, ಅವಳು ಹೇಳಲ್ಲ.

ಅದೇ ರಾತ್ರಿ ಸರ ಕಳೆದುಹೋಗುತ್ತೆ.

ಕೊಕ್ಕೆ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೀನಿ ಅಂತ ಗೆಳತಿಗೆ ಕಾಗದ ಬರೀತಾಳೆ. ಅದೇ ಥರದ ಸರ 36,000 ಫ್ರಾಂಕ್‌ಗೆ ಸಿಗುತ್ತೆ. ಗಂಡನಿಗೆ ಅಪ್ಪನಿಂದ ಬಂದಿದ್ದು 18,000. ಉಳಿದಿದ್ದೆಲ್ಲ ಸಾಲ. ಕೆಲಸದವಳನ್ನ ಬಿಡಿಸಿ, ಮನೆ ಬದಲಾಯಿಸಿ, ತೀರಿಸೋಕೆ ಹತ್ತು ವರ್ಷ ಹಿಡಿಯುತ್ತೆ. ಆಮೇಲೆ ಒಂದು ದಿನ ರಸ್ತೆಯಲ್ಲಿ ಸಿಕ್ಕ ಗೆಳತಿ ನಿಜ ಹೇಳ್ತಾಳೆ: ಆ ಸರ ನಕಲಿ, ಹೆಚ್ಚೆಂದರೆ 500 ಫ್ರಾಂಕ್.

ಗುರುತು ಸಿಗಲಿಲ್ವಾ? ಸಿಗೋದು ಸುಲಭ ಇರಲಿಲ್ಲ. ಸೀಸ ಬೆರೆಸಿದ ಗಾಜನ್ನ ವಜ್ರದ ಥರ ಕತ್ತರಿಸೋ ಕಲೆ ಪ್ಯಾರಿಸ್‌ನಲ್ಲಿ 18ನೇ ಶತಮಾನದಲ್ಲೇ ಪಳಗಿತ್ತು. ಸೀಸದಿಂದ ಗಾಜು ಬೆಳಕನ್ನ ಹೆಚ್ಚು ಬಾಗಿಸುತ್ತೆ, ಮೇಣದಬತ್ತಿ ಬೆಳಕಲ್ಲಿ ಥಳಥಳ ಅನ್ನುತ್ತೆ. ಅಸಲಿ ಇದ್ದ ಶ್ರೀಮಂತರೂ ನಕಲು ಮಾಡಿಸಿ ಇಟ್ಕೊಳ್ತಿದ್ರು. ನಮ್ಮ ಒಂದು ಗ್ರಾಂ ಗೋಲ್ಡ್ ಇದ್ದ ಹಾಗೆ.

ಇನ್ನೊಂದು ವಿಷಯ. ಪಕ್ಕದ ಮನೆಯಿಂದ ಸಕ್ಕರೆ ಕಡ ತಂದ್ರೆ ಬೇರೆ ಸಕ್ಕರೆ ವಾಪಸ್ ಕೊಡ್ತೀವಿ. ಸರ ಎರವಲು ತಂದ್ರೆ ಅದೇ ಸರ ಕೊಡಬೇಕು. 1804ರ ಫ್ರೆಂಚ್ ಸಿವಿಲ್ ಕೋಡ್ ಕೂಡ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತೆ. ಅಂದ್ರೆ ಕಳೆದುಹೋದ ತಕ್ಷಣ ಗೆಳತಿಗೆ ಹೇಳಲೇಬೇಕಿತ್ತು. ಹೇಳಿದ್ರೆ ಹತ್ತು ವರ್ಷ ಉಳೀತಿತ್ತು.

ಆದರೆ ನಾನು ಮತಿಲ್ಡ್‌ಳನ್ನ ಪೂರ್ತಿ ಬೈಯಲಾರೆ. ನಂಬಿ ಕೊಟ್ಟವರ ಮುಂದೆ "ಕಳೆದುಬಿಟ್ಟೆ" ಅನ್ನೋಕೆ ಬಾಯಿ ಬರಲ್ಲ. ಗೆಳತಿಯೂ "ಇದು ಗಾಜು ಕಣೇ, ಆರಾಮಾಗಿ ಹಾಕ್ಕೋ" ಅಂತ ಹೇಳಲಿಲ್ಲ. ಇಬ್ಬರೂ ಮರ್ಯಾದೆ ನೋಡ್ಕೊಂಡ್ರು, ದುಡ್ಡು ಕಟ್ಟಿದ್ದು ಬಡವಿ.

ಮೊನ್ನೆ ಅಮ್ಮನಿಗೆ ಈ ಕಥೆ ಹೇಳಿದೆ. ಆ ಅವಲಕ್ಕಿ ಸರ ಎಷ್ಟು ಗ್ರಾಂ ಇತ್ತು ಅಂತ ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, "ಕೇಳೇ ಇರಲಿಲ್ಲ ಕಣೋ" ಅಂದ್ರು.